ಬಣ್ಣ ಹಚ್ಚಿದವನಿಗೆ ಹೇಳಿದ ಮಾತು

“ಗುರುಗಳೇ, ನಮ್ಮ ತಂದೆ ಹಾಸಿಗೆ ಹಿಡಿದಿದ್ದಾರೆ. ಕೊನೆಗಾಲ ಬಂದಾಗ ಆಸ್ಪತ್ರೆಗೆ ಒಯ್ಯಬೇಕೋ, ಮನೆಯಲ್ಲೇ ಇಟ್ಟುಕೊಳ್ಳಬೇಕೋ? ನೀವು ಹೇಳಿದಂತೆ ಮಾಡುತ್ತೇನೆ” ಎಂದ ಶಿಷ್ಯ.

“ಸರಿಯಾದವನನ್ನೇ ಕೇಳಿದೆ ಬಿಡು!” ಎಂದು ನಕ್ಕು ಗುರುಗಳು ಕತೆ ಶುರುಮಾಡಿದರು.

ಒಬ್ಬ ನಟನಿದ್ದ. ಅವನ ತಂಡ ಊರೂರಿಗೆ ಹೋಗಿ ಒಂದೇ ನಾಟಕ ಆಡುತ್ತಿತ್ತು. ಅದರಲ್ಲಿ ಒಬ್ಬ ಮುದುಕನಿಗೆ ಮಾತು ನಿಂತುಹೋಗುತ್ತದೆ. ಗಂಟಲಿಗೆ ನಳಿಕೆ ಹಾಕಿಸೋಣ ಎನ್ನುತ್ತಾನೆ ಒಬ್ಬ ಮಗ, ಬೇಡ ಎನ್ನುತ್ತಾನೆ ಇನ್ನೊಬ್ಬ. ಬಾಯಿದ್ದಾಗ ‘ನಿನಗೇನು ಬೇಕು’ ಎಂದು ಅಪ್ಪನನ್ನು ಇಬ್ಬರೂ ಕೇಳಿರುವುದಿಲ್ಲ. ನಮ್ಮ ನಟನದು ಹಿರಿಯ ಮಗನ ಪಾತ್ರ. ಕೊನೆಗೆ ಅವನು ಮುಂದೆ ಬಂದು ಕೈಮುಗಿದು, “ಇವತ್ತೇ ನಿಮ್ಮ ಹಿರಿಯರನ್ನು ಕೇಳಿ” ಎನ್ನುತ್ತಿದ್ದ. ಜನ ಅಳುತ್ತಿದ್ದರು. ಮನೆಗೆ ಹೋಗಿ ಕೇಳುತ್ತಲೂ ಇದ್ದರು. ಒಳ್ಳೆಯ ಕೆಲಸವೇ, ಇಲ್ಲವೆನ್ನಲಾರೆ.

ಆದರೆ ಅವನ ತಾಯಿಗೇ ಎದೆಯ ಕಾಯಿಲೆ. ಅವಳು “ನಾಳೆ ನನಗೇನಾದರೂ ಹೆಚ್ಚುಕಡಿಮೆಯಾದರೆ” ಎಂದು ಬಾಯಿ ತೆರೆದರೆ ಸಾಕು, “ಬಿಡ್ತು ಅನ್ನಮ್ಮ! ಗುಂಡುಕಲ್ಲಿನ ಹಾಗಿದ್ದೀಯ” ಎಂದು ಗದರುತ್ತಿದ್ದ. ಅವಳು ‘ಬಿಡ್ತು’ ಎಂದು ಸುಮ್ಮನಾಗುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ಇಂಥವರನ್ನೇ.

ಒಮ್ಮೆ ಅವನ ಊರಿನಲ್ಲೇ ನಾಟಕವಾಯಿತು. ಕೊನೆಯಲ್ಲಿ ಅವನು, “ಹೇಳಿಕೊಳ್ಳಲು ಯಾರೂ ಇಲ್ಲದವರು ನನಗೇ ಹೇಳಿ. ನಾನು ನಿಮ್ಮ ಮಗ ಅಂದುಕೊಳ್ಳಿ” ಎಂದ.

ಹೆಂಗಸರ ನಡುವಿನಿಂದ ಅವನ ತಾಯಿ ಎದ್ದು ನಿಂತಳು.

“ಸ್ವಾಮೀ, ನನ್ನ ಮಗನಿಗೆ ಹೇಳಹೋದರೆ ಬಿಡ್ತು ಅನ್ನಿಸುತ್ತಾನೆ. ಅದಕ್ಕೇ ನಿಮಗೆ ಹೇಳುತ್ತೇನೆ. ನನಗೆ ನಳಿಕೆ ಗಿಳಿಕೆ ಬೇಡ. ನೋವಿಗೆ ಮದ್ದು ಕೊಡಿಸಲಿ, ಸಾಕು. ನಡುಮನೆಯಲ್ಲಿ ಮಲಗಿಸಲಿ. ನನ್ನ ತಂಗಿ ನನ್ನ ಜೊತೆ ಮಾತು ಬಿಟ್ಟು ಹನ್ನೆರಡು ವರ್ಷವಾಯಿತು. ಅವಳಿಗೆ ಮೊದಲೇ ಹೇಳಿಕಳಿಸಲಿ, ನಾನು ಸತ್ತ ಮೇಲಲ್ಲ.”

ಹೆತ್ತ ತಾಯಿ ಊರ ಮುಂದೆ ಅವನನ್ನು ‘ಸ್ವಾಮೀ’ ಎಂದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆಯಿಂದ ಮುಂದಿನ ಮಾತು ಮರೆತೇಹೋಯಿತು. ಕೆಳಗಿಳಿದು ಬಂದು ಅವಳ ಕಾಲ ಬಳಿ ಕುಳಿತ.

“ಅಮ್ಮಾ, ಇದನ್ನು ಮನೆಯಲ್ಲಿ ಹೇಳಬಾರದಿತ್ತೇ?”

“ನೀನು ಕೇಳಿದ್ದು ಇಲ್ಲೇ ತಾನೇ, ಮಗಾ?”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ ಅವನು ಏನು ಮಾಡಿದ, ಗುರುಗಳೇ?” ಎಂದ ಶಿಷ್ಯ.

“ಅವನ ಮಾತು ಹಾಗಿರಲಿ, ನನ್ನನ್ನು ಕೇಳಲು ಎರಡು ಬಸ್ಸು ಹತ್ತಿ ಇಳಿದು ಬಂದೆಯಲ್ಲ, ನಿಮ್ಮಪ್ಪನ ಮಂಚ ಎಷ್ಟು ದೂರವಿತ್ತಪ್ಪಾ?”