ಕೊಟ್ರೇಶಿ ಕುರ್ಚಿ ತಂದದ್ದು

ಮತ್ತೆ ಬಾಯಿ ಹಾಕಿದೆಯಲ್ಲೇ ಚಿನ್ನಿ. ಇದೇ ಕತೆ ಮೂರನೇ ಸಲ ಶುರು ಮಾಡ್ತಾ ಇದ್ದೀನಿ. ಒಂದು ಸಲ ನೀರು ಬೇಕು ಅಂದೆ, ಒಂದು ಸಲ ಪೆನ್ಸಿಲ್ ಎಲ್ಲಿ ಅಂದೆ, ಈಗ ಪೆದ್ದನಿಗೆ ಕೆಲಸ ಯಾರು ಕೊಟ್ಟರು ಅಂತೀಯ. ಕೊಟ್ಟರು ಕಣೇ. ಪೆದ್ದರಿಗೆ ಕೆಲಸ ಕೊಡದಿದ್ದರೆ ಅರ್ಧ ಕಚೇರಿಗಳಿಗೆ ಬೀಗ ಹಾಕಬೇಕಾಗುತ್ತೆ. ಇನ್ನು ಕತೆ ಮುಗಿಯೋವರೆಗೆ ತುಟಿ ಬಿಚ್ಚಬೇಡ.

ಹರಿಹರದ ಒಂದು ಗಲ್ಲಿಯಲ್ಲಿ ಹಾಲಮ್ಮ ಅಂತ ಇದ್ದಳು. ಜೋಳದ ರೊಟ್ಟಿ ತಟ್ಟಿ ಖಾನಾವಳಿಗಳಿಗೆ ಕೊಡುವವಳು. ಬೆಳಗ್ಗೆ ಒಲೆ ಮುಂದೆ ಮಣೆ ಹಾಕಿ ಕೂತರೆ ಏಳುವುದು ಸಂಜೆಗೇ. ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ಅವಳಿಗೊಬ್ಬ ಮಗ, ಕೊಟ್ರೇಶಿ. ಹಾಲು ಉಕ್ಕುತ್ತೆ ನೋಡು ಅಂದರೆ ಉಕ್ಕುವುದನ್ನು ಪೂರ್ತಿ ನೋಡಿ, ಚೆನ್ನಾಗಿ ಉಕ್ಕಿತು ಅಂತ ಬಂದು ಹೇಳುವವನು.

ಅವನಿಗೆ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತು. ಗ್ಯಾಸ್ ಒಲೆ ಮಾಡುವ ಒಂದು ಕಂಪನಿ. ಒಲೆ ಕೆಟ್ಟವರು ಫೋನ್ ಮಾಡುತ್ತಾರೆ, ಇವನು ಕಂಪನಿ ಬರೆದುಕೊಟ್ಟದ್ದನ್ನು ಓದಿ ಹೇಳಬೇಕು. ಬರೆದದ್ದನ್ನು ಬರೆದ ಹಾಗೇ ಓದುವುದರಲ್ಲಿ ಕೊಟ್ರೇಶಿಯನ್ನು ಮೀರಿಸುವವರಿರಲಿಲ್ಲ, ಅದಕ್ಕೇ ತೆಗೆದುಕೊಂಡರು. ಮಗನ ಕೆಲಸ ಗಟ್ಟಿಯಾದ ದಿನವೇ ರೊಟ್ಟಿ ತಟ್ಟುವುದನ್ನು ಬಿಡುತ್ತೇನೆ ಅಂತ ಹಾಲಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಒಂದೇ ವಾರಕ್ಕೆ ಆ ಮಹಾರಾಯನ ಬೆನ್ನು ಹಿಡಿಯಿತು. ನೆಲದ ಮೇಲೆ ಕೂರಲಾರದೆ ಚಾಪೆ ಹಾಸಿ ಮಲಗಿ ಫೋನ್ ಎತ್ತಿದ. ಮಲಗಿದ ಮೇಲೆ ನಿದ್ದೆ ಬಂತು, ಒಲೆ ಕೆಟ್ಟವರೆಲ್ಲ ಗೊರಕೆ ಕೇಳಿದರು. ಅವನ ಮೇಲಿನ ಮೇಡಂ ಫೋನ್ ಮಾಡಿ ಬೈದರು. ಸೋಮವಾರದೊಳಗೆ ಬೆನ್ನಿಗೆ ಆಸರೆಯಾಗುವ ಒಳ್ಳೆಯ ಕುರ್ಚಿ ತಂದುಕೋ, ಇಲ್ಲದಿದ್ದರೆ ಕೆಲಸ ಇಲ್ಲ ಅಂದರು.

ಹಾಲಮ್ಮ ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು. ಕುರ್ಚಿಯನ್ನು ಕಣ್ಣಲ್ಲಿ ನೋಡಿ ತರಬೇಡ, ಕೂತು ನೋಡು. ಹಾಯಾಗಿಲ್ಲದಿದ್ದರೆ ಎದ್ದುಬಿಡು.

ಕೊಟ್ರೇಶಿ ಅಂಗಡಿಗೆ ಹೋದ. ಅಂಗಡಿಯ ಯಜಮಾನ ಟೀ ಕುಡಿಯಲು ಎದ್ದಿದ್ದ. ಇವನು ಹೋಗಿ ಗಲ್ಲಾ ಪೆಟ್ಟಿಗೆ ಮುಂದಿನ ಅವನ ಕುರ್ಚಿಯಲ್ಲೇ ಕೂತ. ಹಾಯಾಗಿತ್ತು. ಯಜಮಾನ ಬಂದು ಏಳಯ್ಯ ಅಂದರೆ, ಹಾಯಾಗಿಲ್ಲದಿದ್ದರೆ ಏಳು ಅಂದಿದ್ದಾಳೆ ಅವ್ವ, ಹಾಯಾಗಿದೆ, ಏಳಲ್ಲ ಅಂದ. ಇಬ್ಬರು ಆಳುಗಳು ಕುರ್ಚಿ ಸಮೇತ ಎತ್ತಿ ಬೀದಿಗೆ ತಂದು, ಇವನನ್ನು ಉದುರಿಸಿ, ಕುರ್ಚಿ ಒಳಗೆ ಒಯ್ದರು.

ಹಾಲಮ್ಮ ಹಣೆ ಚಚ್ಚಿಕೊಂಡಳು. ಒಂದು ಗಳಿಗೆ ಕೂತರೆ ಕಲ್ಲೂ ಹಾಯಾಗೇ ಇರುತ್ತೆ ಕಣೋ. ದಿನವಿಡೀ ಕೂತು ದುಡಿಯೋರು ಯಾರಿದ್ದಾರೆ ನೋಡು, ಅವರು ಯಾವುದರ ಮೇಲೆ ಕೂತಿದ್ದಾರೋ ಅದನ್ನು ತಗೊಂಡು ಬಾ ಅಂದಳು.

ದಿನವಿಡೀ ಕೂತು ದುಡಿಯೋರನ್ನು ಹುಡುಕಿಕೊಂಡು ಅವನು ಊರೆಲ್ಲ ತಿರುಗಿದ. ಹೊಸ್ತಿಲ ಪಕ್ಕ ರೊಟ್ಟಿ ತಟ್ಟುತ್ತಾ ಕೂತವಳನ್ನು ದಾಟಿಕೊಂಡೇ ಹೋದ ಅನ್ನು. ಕೊನೆಗೆ ಆಟೋ ಓಡಿಸುವ ಮಾಬುಸಾಬ್ ಸಿಕ್ಕ. ದಿನವೆಲ್ಲ ಕೂತೇ ದುಡಿಯುತ್ತೀರಾ ಸಾಬ್ರೇ ಅಂತ ಕೇಳಿದ. ಇನ್ನೇನು ನಿಂತು ಓಡಿಸಲಾ ಅಂದ ಅವನು, ಪಾನ್ ಅಂಗಡಿ ಕಡೆ ನಡೆದ. ತಿರುಗಿ ಬಂದು ನೋಡಿದರೆ ಆಟೋ ಇದೆ, ಸೀಟಿಲ್ಲ. ಗೋಣಿಚೀಲ ಮಡಚಿ ಹಾಕಿಕೊಂಡು ಮಾಬುಸಾಬ್ ಆಟೋ ಓಡಿಸಿಕೊಂಡೇ ಹಾಲಮ್ಮನ ಮನೆಗೆ ಬಂದ. ನಿನ್ನ ಮಗ ನಾನು ಕೂರೋ ಜಾಗವನ್ನೇ ಕಿತ್ತುಕೊಂಡು ಬಂದಿದ್ದಾನಲ್ಲಕ್ಕಾ, ಇನ್ನೊಂದು ಗಳಿಗೆ ಬಿಟ್ಟಿದ್ದರೆ ನನ್ನನ್ನೂ ಹೊತ್ತುಕೊಂಡು ಬರುತ್ತಿದ್ದ ಅಂದ. ಹಾಲಮ್ಮ ಸೀಟು ವಾಪಸ್ಸು ಕೊಟ್ಟು, ಮೇಲೆ ನಾಲ್ಕು ರೊಟ್ಟಿಯನ್ನೂ ಕೊಟ್ಟು ಕಳಿಸಿದಳು.

ಆಮೇಲೆ ಮಗನನ್ನು ಮುಂದೆ ನಿಲ್ಲಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದಳು. ಬೆನ್ನಿಗೆ ಒರಗು ಇರಬೇಕು, ಮೊಣಕೈಗೆ ಆಸರೆ ಇರಬೇಕು, ಕಾಲು ಜೋತು ಬೀಳಬಾರದು, ಕೆಳಗೆ ಗಾಲಿ ಇರಬೇಕು. ಇಷ್ಟೂ ಇರೋ ಕುರ್ಚಿ ಕಂಡರೆ ಹಿಂದೆ ಮುಂದೆ ನೋಡಬೇಡ, ತಂದುಬಿಡು.

ತಂದುಬಿಟ್ಟ. ಔಷಧಿ ಅಂಗಡಿಯಿಂದ ಗಾಲಿಕುರ್ಚಿ ಬಾಡಿಗೆಗೆ ತಂದ. ಒರಗು ಇತ್ತು, ಆಸರೆ ಇತ್ತು, ಕಾಲಿಡಲು ಹಲಗೆ ಇತ್ತು, ಗಾಲಿಯಂತೂ ಒಂದೊಂದು ಮೊರದಷ್ಟು ದೊಡ್ಡದಿತ್ತು. ಬೀದಿಯಲ್ಲಿ ಅದರೊಳಗೇ ಕೂತು ತಾನೇ ತಳ್ಳಿಕೊಂಡು ಬಂದ. ನೋಡಿದವರು ಸುಮ್ಮನಿರುತ್ತಾರಾ? ಅಯ್ಯೋ ಹಾಲಮ್ಮನ ಮಗನಿಗೆ ಕಾಲು ಹೋಯಿತಂತೆ ಅಂತ ಒಬ್ಬೊಬ್ಬರೇ ಬ್ರೆಡ್ಡು, ಮೋಸಂಬಿ ಹಿಡಿದು ಬಂದರು. ಎದುರುಮನೆ ಗೌರಕ್ಕ ದೃಷ್ಟಿ ತೆಗೆದಳು. ಎಲ್ಲಿ ಸೋತಿದೆಯಪ್ಪಾ ಅಂತ ಕೇಳಿದರೆ, ಬೆನ್ನಲ್ಲಿ ಅಂದ ಕೊಟ್ರೇಶಿ, ಮೋಸಂಬಿ ಸುಲಿಯುತ್ತಾ. ಬಂದವರು ಬಾಯಿ ಮೇಲೆ ಸೆರಗು ಇಟ್ಟುಕೊಂಡು ಅತ್ತರು. ಇನ್ನು ಇವನಿಗೆ ಹೆಣ್ಣು ಯಾರು ಕೊಡುತ್ತಾರೆ ಅಂತ ಹಾಲಮ್ಮನೂ ಅತ್ತಳು. ಎಲ್ಲರೂ ಹೋದ ಮೇಲೆ ಕೊಟ್ರೇಶಿ ಎದ್ದು ನಡೆದುಕೊಂಡು ಹೋಗಿ ಸಿಪ್ಪೆ ಎಸೆದು ಬಂದ.

ಭಾನುವಾರ ಹಾಲಮ್ಮ ಮಗನನ್ನು ಕರೆದುಕೊಂಡು ತಾನೇ ಹೊರಟಳು. ಅಂಗಡಿಯವನು ಒಂದು ಕುರ್ಚಿ ಮುಂದಿಟ್ಟ. ಪಕ್ಕದ ಹಿಡಿ ಎತ್ತಿದರೆ ಮೇಲೆ ಕೆಳಗೆ ಹೋಗುತ್ತೆ, ಸೊಂಟದ ಹತ್ತಿರ ದಿಂಬಿನ ಹಾಗೆ ಉಬ್ಬಿದೆ, ಮೊಣಕಾಲ ಹಿಂದೆ ಒತ್ತಲ್ಲ ಅಂತ ವಿವರಿಸಿದ. ಮಗನನ್ನು ಕೂರಿಸಿದರೆ ಮತ್ತೆ ಎಬ್ಬಿಸುವುದು ಕಷ್ಟ ಅಂತ ಹಾಲಮ್ಮ ತಾನೇ ಕೂತು ನೋಡಿದಳು. ಕೂತವಳು ಒರಗಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು. ಹೇಗಿದೆ ಅಮ್ಮಾ ಅಂತ ಅವನು ಎರಡು ಸಲ ಕೇಳಿದ. ಮೂರನೇ ಸಲ ಕೇಳಿದಾಗ ಥಟ್ಟನೆ ಎದ್ದು ಸೀರೆ ಸರಿಮಾಡಿಕೊಂಡು, ಗಟ್ಟಿಯಾಗಿದೆ, ಇದನ್ನೇ ಕೊಡಿ ಅಂದಳು.

ಮನೆಗೆ ತಂದು ಒರಗಿಗೆ ಕುಂಕುಮ ಇಟ್ಟು, ಗಾಲಿಗೆ ನಿಂಬೆಹಣ್ಣು ಕಟ್ಟಿದಳು. ಮೇಡಂ ಏನೋ ಬರೆದು ಕಳಿಸಿದ್ದಾರೆ ಅಂದ ಮಗ. ಹಾಲಮ್ಮನಿಗೆ ಸಾಕಾಗಿ ಹೋಗಿತ್ತು. ನನ್ನ ಮಾತು ಕೇಳಿ ಕೆಟ್ಟೆ ಕಣಪ್ಪಾ, ನಾಳೆ ಮೇಡಂ ಬರೆದ ಹಾಗೆ ಮಾಡು, ಒಂದಕ್ಷರ ಆಚೀಚೆ ಆಗಬಾರದು ಅಂದಳು.

ಸೋಮವಾರ ಹತ್ತು ಗಂಟೆಗೆ, ಕುರ್ಚಿ ಬಂತೋ ಇಲ್ಲವೋ ನೋಡಲು, ಫೋನಿನ ವಿಡಿಯೋದಲ್ಲಿ ಮೇಡಂ ಮುಖ ಬಂತು. ಇಲ್ಲಿ ಕುರ್ಚಿ ಖಾಲಿ ಇತ್ತು. ಕೊಟ್ರೇಶಿ ಒಲೆ ಹತ್ತಿರ ಹೋದ. ರೊಟ್ಟಿ ತಟ್ಟುತ್ತಿದ್ದವಳನ್ನು ಕಂಕುಳಿಗೆ ಕೈ ಹಾಕಿ ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದ. ಬೆನ್ನನ್ನು ಒರಗಿಗೆ ತಾಗಿಸಿದ. ಹಿಡಿ ಎತ್ತಿ, ಪಾದ ನೆಲಕ್ಕೆ ತಾಗುವವರೆಗೆ ಕುರ್ಚಿ ಇಳಿಸಿದ. ಫೋನಿನ ಹೆಡ್‌ಸೆಟ್ ತೆಗೆದು ಅವಳ ತಲೆಗೇ ಹಾಕಿದ. ಹಾಲಮ್ಮ ಎರಡು ಕೈಗೂ ಹಿಟ್ಟು ಮೆತ್ತಿಕೊಂಡು, ಸೆರಗು ಹೊದೆಯಲೂ ಆಗದೆ ಮೇಡಂ ಮುಖ ನೋಡಿದಳು.

"ಯಾರ್ರೀ ಇವರು?" ಅಂದರು ಮೇಡಂ.

"ನೀವೇ ಬರೆದಿದ್ದೀರಲ್ಲ ಮೇಡಂ. ಮನೆಯಲ್ಲಿ ದಿನವಿಡೀ ಕೂತು ಕೆಲಸ ಮಾಡುವವರು ಕುರ್ಚಿಯಲ್ಲಿ ಕೂತಿರಬೇಕು ಅಂತ. ನಾನು ಕೂತಿದ್ದು ಒಂದೇ ವಾರ. ನಮ್ಮನೇಲಿ ದಿನವಿಡೀ ಕೂರೋಳು ಇವಳೇ."

ಫೋನಿನಲ್ಲಿ ಮೇಡಂ ಮುಖ ಫಕ್ಕನೆ ಆರಿಹೋಯಿತು. ಅದರ ಜೊತೆ ಕೆಲಸವೂ. ಒಲೆ ಮೇಲಿನ ರೊಟ್ಟಿ ಸೀದು ಮನೆಯೆಲ್ಲ ಹೊಗೆ ತುಂಬಿತು. ಕೊಟ್ರೇಶಿ ಮಾತ್ರ ಕುರ್ಚಿ ಹಿಂದೆ ನಿಂತು, ಒಂದಕ್ಷರವೂ ಆಚೀಚೆ ಆಗಲಿಲ್ಲ ಅವ್ವಾ ಅಂದ.

ಮುಗೀತು ಚಿನ್ನಿ. ಈಗ ಬಾಯಿ ಬಿಡು, ಅಷ್ಟು ಹೊತ್ತಿನಿಂದ ತುಟಿ ಕಚ್ಚಿಕೊಂಡು ಕೂತಿದ್ದೀಯಲ್ಲ. ಏನು?

ಆಮೇಲೆ ಹಾಲಮ್ಮ ಆ ಕುರ್ಚಿಯಿಂದ ಇಳಿದು ಮತ್ತೆ ಮಣೆ ಮೇಲೆ ಕೂತಳಾ ಅಂತಲಾ?