ಯಂತ್ರದ ಬಳಿಗೆ ಬಾರದ ಒಂಬತ್ತು ಹಸುಗಳು

ಚಿಂತಾಮಣಿ ಕಡೆಯ ಬೈರೆಡ್ಡಿ ನಲವತ್ತು ಹಸು ಸಾಕಿದ್ದ. ಹಾಲು ಕರೆಯಲು ಅವನು ರೋಬೋಟ್ ಯಂತ್ರ ತರಿಸಿದ. ಹಸು ತನಗೆ ಬೇಕೆನಿಸಿದಾಗ ತಾನೇ ನಡೆದು ಬಂದು ಯಂತ್ರದೊಳಗೆ ನಿಲ್ಲಬೇಕು. ಅಲ್ಲಿ ಅದಕ್ಕೆ ಹಿಂಡಿ ಸಿಗುತ್ತದೆ, ತಿನ್ನುತ್ತಿರುವಾಗ ಯಂತ್ರ ಹಾಲು ಕರೆಯುತ್ತದೆ. ಹೆಚ್ಚು ಸಲ ಬಂದರೆ ಹಾಲೂ ಹೆಚ್ಚು.

ಆದರೆ ಒಂಬತ್ತು ಹಸುಗಳು ದಿನಕ್ಕೊಮ್ಮೆ ಬಂದರೆ ಅದೇ ದೊಡ್ಡದು. ಬೈರೆಡ್ಡಿ ಹಿಂಡಿ ಹೆಚ್ಚಿಸಿದ. ಕೋಲು ಹಿಡಿದು ಅಟ್ಟಿದ. ಹಾಲು ಇನ್ನಷ್ಟು ಇಳಿಯಿತು. ಕೊನೆಗೆ, "ಇವು ಸೋಮಾರಿ ಹಸುಗಳು. ಶನಿವಾರದ ಸಂತೇಲಿ ಮಾರಿಬಿಡೋಣ" ಎಂದ.

ಸಗಣಿ ಬಾಚುತ್ತಿದ್ದ ಗಂಗುಲಮ್ಮ ಇದನ್ನು ಕೇಳಿ ಕೆಲಸ ನಿಲ್ಲಿಸಿದಳು. ಯಂತ್ರ ಬರುವ ಮುಂಚೆ ಹನ್ನೆರಡು ವರ್ಷ ಆ ಕೊಟ್ಟಿಗೆಯಲ್ಲಿ ಹಾಲು ಕರೆದವಳು ಅವಳೇ.

"ರೆಡ್ಡಿಯೋರೇ, ಮಾರೋ ಮುಂಚೆ ಬೂಟು ಬಿಚ್ಚಿ, ಮಿಷಿನ್ ತನಕ ಒಂದ್ಸಲ ನಡೆದು ನೋಡಿ."

ಆಳುಗಳೆಲ್ಲ ನೋಡುತ್ತಿದ್ದರು. ಬೈರೆಡ್ಡಿಗೆ ಇರಿಸುಮುರಿಸಾಯಿತು. ಆದರೂ ಬೂಟು ಬಿಚ್ಚಿ ಹೊರಟ. ತೊಳೆದ ಸಿಮೆಂಟು ನೆಲ ಒದ್ದೆಯಾಗಿತ್ತು. ತಿರುವಿನಲ್ಲಿ ಕಾಲು ಜಾರಿತು. ಪಕ್ಕದ ಪೈಪು ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ.

"ಈ ಒಂಬತ್ತು ಹಸುಗಳ ಗೊರಸು ಬೆಳೆದು ವಾರೆಯಾಗಿದೆ," ಎಂದಳು ಗಂಗುಲಮ್ಮ. "ಹೋದ ತಿಂಗಳು ಎರಡು ಹಸು ಇಲ್ಲೇ ಬಿದ್ದವು. ಅವಕ್ಕೆ ಹಿಂಡಿ ಬೇಡ ಅಂತಲ್ಲ, ಹೆದರಿಕೆ."

"ಮೊದಲೇ ಯಾಕೆ ಹೇಳಲಿಲ್ಲ?"

"ನನ್ನ ಯಾರೂ ಕೇಳಲಿಲ್ಲ."

ಆ ಶನಿವಾರ ಯಾವ ಹಸುವೂ ಸಂತೆಗೆ ಹೋಗಲಿಲ್ಲ. ಪಶುವೈದ್ಯರು ಬಂದು ಗೊರಸು ಕತ್ತರಿಸಿ ಸಮ ಮಾಡಿದರು. ತಿರುವಿನ ನೆಲಕ್ಕೆ ರಬ್ಬರ್ ಹಾಸು ಬಂತು. ಹಸುಗಳ ಮೇಲೆ ಕೋಲೆತ್ತುವುದು ನಿಂತಿತು.

ಮೊದಲ ವಾರ ಏನೂ ಬದಲಾಗಲಿಲ್ಲ. ಗಂಗುಲಮ್ಮ ಒಂದೊಂದರ ಬೆನ್ನು ಸವರುತ್ತ ಜೊತೆಯಲ್ಲೇ ನಡೆದಳು. ಮೂರನೆಯ ವಾರಕ್ಕೆ ಎಂಟು ಹಸುಗಳು ದಿನಕ್ಕೆ ಮೂರು ಸಲ ತಾವಾಗಿಯೇ ಬರತೊಡಗಿದವು. ಒಂದು ಮಾತ್ರ ಕೊನೆವರೆಗೂ ಒಪ್ಪಲಿಲ್ಲ. ಅದನ್ನು ಗಂಗುಲಮ್ಮ ಕೈಯಲ್ಲೇ ಕರೆದಳು. ಡೈರಿಗೆ ಹೋಗುವ ಹಾಲು ದಿನಕ್ಕೆ ನಲವತ್ತು ಲೀಟರ್ ಹೆಚ್ಚಿತು.

ಬೈರೆಡ್ಡಿ ಅವಳನ್ನು ಕರೆದು, "ಇನ್ಮೇಲೆ ಸಗಣಿ ಕೆಲಸ ಬೇರೆಯವರು ಮಾಡ್ತಾರೆ. ಹಸುಗಳ ವಿಷಯದಲ್ಲಿ ನೀನು ಹೇಳಿದ್ದೇ ಆಗಲಿ, ಗಂಗುಲಮ್ಮ" ಎಂದ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಹಂಗಾದ್ರೆ ಮೊದಲು ನೀರಿನ ತೊಟ್ಟಿ ಮಿಷಿನ್ ಹತ್ತಿರಕ್ಕೆ ತರಿಸಿ" ಎಂದಳು.

ನೀತಿ: ಬಾರದವರನ್ನು ಸೋಮಾರಿ ಎನ್ನುವ ಮುಂಚೆ, ಅವರು ಬರುವ ದಾರಿ ಹೇಗಿದೆ ಎಂದು ನೋಡಬೇಕು. ದಿನವೂ ಅವರ ಹತ್ತಿರ ಇರುವವರನ್ನು ಕೇಳಿದರೆ ಅದು ಬೇಗ ತಿಳಿಯುತ್ತದೆ.