ನಿಂಬೆನೀರಿನ ಮೊದಲ ಗುಟುಕು

ಕೆಂಗಲ್ಲುಗುಡ್ಡದ ಪಾಳೇಗಾರ ಬೊಮ್ಮಲಿಂಗನಾಯಕನ ಸೊಂಟಕ್ಕೆ ಕತ್ತಿಯ ನಡುಪಟ್ಟಿ ಸುತ್ತು ಬರಲಿಲ್ಲ. ಎಲ್ಲಿಂದಲೋ ಬಂದ ಸಣಕಲು ವೈದ್ಯನೊಬ್ಬ, "ತಿಂಗಳೊಪ್ಪತ್ತು ಬರೀ ನಿಂಬೆನೀರು ಕುಡೀರಿ. ಬೊಜ್ಜು ಬೆಣ್ಣೆ ಹಾಗೆ ಕರಗುತ್ತೆ," ಅಂದ. ನಾಯಕ ಅಡುಗೆಯವನ ಕಡೆ ತಿರುಗಿ, "ಕರಗದಿದ್ದರೆ ನಿನ್ನ ತಲೆ ಕೋಟೆ ಬಾಗಿಲಲ್ಲಿ ನೇತಾಡುತ್ತೆ," ಅಂದ.

ಎಂಟು ದಿನ ಕಳೆಯಿತು. ಹಸಿದ ನಾಯಕನಿಗೆ ತಲೆ ತಿರುಗುತ್ತಿತ್ತು, ಸಿಟ್ಟು ನೆತ್ತಿಗೇರಿತ್ತು. ಲೋಟ ತಣ್ಣಗಿದ್ದರೂ ಅಡುಗೆಯವನಿಗೆ ಚಾಟಿಯೇಟು, ಬೆಚ್ಚಗಿದ್ದರೂ ಚಾಟಿಯೇಟು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ನಿಂಬೆನೀರು ಬೇಡ ಅಂದರೂ ಅಡುಗೆಯವನ ತಲೆ ಹೋಗುತ್ತೆ, ಸುಮ್ಮನಿದ್ದರೂ ಹೋಗುತ್ತೆ.

ವಿಷದ ಭಯಕ್ಕೆ, ನಾಯಕನಿಗಿಂತ ಮುಂಚೆ ಅಡುಗೆಯವನೇ ಒಂದು ಗುಟುಕು ಕುಡಿದು ತೋರಿಸುವುದು ಅಲ್ಲಿನ ಪದ್ಧತಿ. ಒಂಬತ್ತನೆಯ ದಿನ ಅವನು ಗುಂಡಿಗೆ ಗಟ್ಟಿ ಮಾಡಿಕೊಂಡು ಗುಟುಕು ಕುಡಿದ. ಕಣ್ಣು ಮೇಲಕ್ಕೆ ತಿರುಗಿಸಿ ದೊಪ್ಪನೆ ಬಿದ್ದ.

ನಾಯಕ ಗಾಬರಿಯಿಂದ ಹಿಂದೆ ಸರಿದ. "ಏನೋ ಬೆರೆಸಿದ್ದೆ ಇದಕ್ಕೆ?"

"ಏನೂ ಇಲ್ಲ ಬುದ್ಧಿ," ಅಂದ ಅಡುಗೆಯವ, ಬಿದ್ದಲ್ಲೇ ಕಣ್ಣು ಬಿಟ್ಟು. "ಒಂಬತ್ತು ದಿನದಿಂದ ನಿಮ್ಮ ಹಾಗೆ ನಾನೂ ಬರೀ ಇದನ್ನೇ ಕುಡೀತಿದ್ದೀನಿ. ಇನ್ನು ಕೈಲಾಗಲ್ಲ. ನಾಳೆಯಿಂದ ವೈದ್ಯರೇ ಮೊದಲ ಗುಟುಕು ಕುಡೀಲಿ. ಬೇರೇನೂ ತಿನ್ನಬಾರದು ಅಷ್ಟೇ."

"ಹಾಗೇ ಆಗಲಿ," ಅಂದ ನಾಯಕ.

ಪಕ್ಕದಲ್ಲಿದ್ದ ವೈದ್ಯ ಬೆವತುಹೋದ. "ಅಯ್ಯೋ, ಇದು ನನ್ನ ಮೈಗೆ ಆಗಿಬರಲ್ಲ ಬುದ್ಧಿ! ನನಗೆ ದಿನಾ ಒಂದು ಮುದ್ದೆ, ಸೊಪ್ಪಿನ ಸಾರು, ಹೆಸರುಕಾಳು, ಒಂದು ಲೋಟ ಮಜ್ಜಿಗೆ ಬೇಕೇ ಬೇಕು. ಊರೂರು ನಡೆಯೋನು ನಾನು!"

ಎಲ್ಲರೂ ವೈದ್ಯನ ಹೊಟ್ಟೆ ನೋಡಿದರು. ಅದು ಬೆನ್ನಿಗಂಟಿತ್ತು.

ಅಡುಗೆಯವ ಎದ್ದು ಕೈಮುಗಿದ. "ವೈದ್ಯರು ಸಣ್ಣಗಿರೋ ಮದ್ದು ಏನಂತ ಈಗ ಗೊತ್ತಾಯ್ತು ಬುದ್ಧಿ. ಮುದ್ದೆಗೆ ಎಸರಿಡ್ಲಾ?"